ನೀವು ನಕ್ಕ ಚಿತ್ರದ ಉಳಿದರ್ಧ

ಅತ್ತಿಗೆ,

ಹೋದ ತಿಂಗಳು ಕಲ್ಪೆಟ್ಟದ ಪುಸ್ತಕದಂಗಡಿಯಲ್ಲಿ ನಿಮ್ಮನ್ನು ಕಂಡೆ. ನೀವು ತೀರಿಕೊಂಡು ವರ್ಷ ದಾಟಿದ ಮೇಲೆ, ಹೊಸ ಅನುವಾದಗಳನ್ನು ಜೋಡಿಸಿಡುವ ಕಪಾಟಿನಲ್ಲಿ, ಬಾಯಿ ತುಂಬ ನಗುತ್ತ ನಿಂತಿದ್ದಿರಿ. ತಲೆಗೆ ಸುತ್ತಿದ ಟವೆಲು, ಮೊಣಕೈವರೆಗೆ ಕೆಸರು, ಕೈಯಲ್ಲಿ ಭತ್ತದ ಸಸಿಯ ಕಟ್ಟು. ಅದು ಯಾವುದೋ ಹಿಮ ಬೀಳುವ ದೇಶದ ಕಾದಂಬರಿ, ಈಗ ಮಲಯಾಳಕ್ಕೆ ಬಂದಿದೆ. ಗಂಡನನ್ನು ಬಿಟ್ಟು ಹೋದ ಒಬ್ಬ ಹೆಂಗಸಿನ ಕಥೆ. ಅದರ ಮುಖಪುಟಕ್ಕೆ ನಮ್ಮ ಗದ್ದೆ ಯಾಕೆ ಬೇಕಾಯಿತು? ನೀವು ಯಾಕೆ ಬೇಕಾದಿರಿ? ಯಾರಾದರೂ ನೋಡುತ್ತಿದ್ದಾರೋ ಎಂದು ತಿರುಗಿ ನೋಡಿದೆ, ಸಿಕ್ಕಿಬಿದ್ದವಳು ನಾನೇ ಎಂಬ ಹಾಗೆ. ಪುಸ್ತಕ ಕೊಂಡು, ಹಳೆ ಪೇಪರಿನಲ್ಲಿ ಸುತ್ತಿಸಿಕೊಂಡು ಹೊರಗೆ ಬಂದೆ.

ಪುಸ್ತಕವನ್ನು ಹಾಗೆ ಮುಚ್ಚಿ ತಂದದ್ದಕ್ಕೆ ಕಾರಣ ನಿಮ್ಮ ಮಗಳು. ನಮ್ಮ ವಾರ್ಡು ಈ ಸಲ ಹೆಂಗಸರಿಗೆ ಮೀಸಲಾಗಿದೆ. ರೇವತಿ ಪಂಚಾಯತಿಗೆ ನಿಲ್ಲುತ್ತೇನೆಂದು ನಾಮಪತ್ರ ಹಾಕಿದ್ದಳು. ಹಾಕಿದ ವಾರದಲ್ಲೇ ಹಳೆಯ ಮಾತು ಎದ್ದು ಕೂತಿತು. ನಗುವವಳ ಮಗಳು, ಇವಳೂ ಈಗ ಗೋಡೆ ಹತ್ತುತ್ತಾಳೆ, ಎಂದು. ಪೋಸ್ಟರಿಗೆ ಫೋಟೋ ತೆಗೆಸಲು ಹೋದಲ್ಲಿ ಸ್ಟುಡಿಯೋದವನು ಸ್ವಲ್ಪ ನಗಿ ಅಂದದ್ದಕ್ಕೆ ಅವಳ ಕೈ ತಾನಾಗಿ ಬಾಯಿಗೆ ಹೋಯಿತಂತೆ. ಫೋಟೋ ತೆಗೆಸದೆ ಬಂದಳು. ಹಿಂದಕ್ಕೆ ಪಡೆಯುತ್ತೇನೆ ಅತ್ತೆ, ಅಂದಳು ನನ್ನ ಹತ್ತಿರ. ಅಣ್ಣನೂ ಅದೇ ಒಳ್ಳೆಯದು ಅಂದ. ಆ ಹೊತ್ತಿಗೆ ನೀವು ಮತ್ತೆ ಕಲ್ಪೆಟ್ಟದ ಅಂಗಡಿಗೆ ಬಂದು ನಿಂತರೆ ನಾನೇನು ಮಾಡಲಿ?

ನಿಮ್ಮ ಚಿತ್ರವನ್ನು ಮೊದಲ ಸಲ ನೋಡಿದ್ದು ಕಲ್ಲಿಕೋಟೆಯ ಹಾಸ್ಟೆಲಿನಲ್ಲಿ. ಭಾನುವಾರದ ಪೇಪರು ಊಟದ ಮೇಜಿನ ಮೇಲಿತ್ತು. ಒಬ್ಬಳು, ಇದು ನಿಮ್ಮ ವಯನಾಡಲ್ಲವಾ ಅಂದಳು. ನಮ್ಮ ಅತ್ತಿಗೆ, ಅಂದೆ. ಯಾರೂ ನಂಬಲಿಲ್ಲ. ಓಣಂ ರಜೆಗೆ ಮನೆಗೆ ಬಂದಾಗ ನೀವು ಆ ಪೇಪರನ್ನು ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು, ಕೆಳಗೆ ಏನು ಬರೆದಿದ್ದಾರೆ ಓದು ಅಂದಿರಿ. ಗುಂಡ್ಲುಪೇಟೆ ಕಡೆಯಿಂದ ಬಂದ ನಿಮಗೆ ಮಲಯಾಳದ ಅಕ್ಷರ ಬರುತ್ತಿರಲಿಲ್ಲ. ನನಗೆ ಕನ್ನಡದ ಅಕ್ಷರ ಕಲಿಸಿದ್ದು ನೀವು. ಆದ್ದರಿಂದಲೇ ಈ ಕಾಗದ ನಿಮ್ಮ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಮಣ್ಣಿನ ನಗು ಎಂದಿದೆ, ಅಂದೆ. ಮಣ್ಣು ಎಲ್ಲಿ ನಗುತ್ತೆ, ಅಂತ ಮತ್ತೆ ನಕ್ಕಿರಿ. ಮುಂದೆ ಏನು ಬರುತ್ತದೆಂದು ಆಗ ನಮ್ಮಿಬ್ಬರಲ್ಲಿ ಯಾರಿಗೆ ಗೊತ್ತಿತ್ತು?

ಆ ನಾಟಿಯ ದಿನ ನಾನು ಊರಲ್ಲಿರಲಿಲ್ಲ. ಹೇಳಿ ಕೇಳಿದ್ದಷ್ಟೇ ಗೊತ್ತು. ಬದುವಿನ ಮೇಲೆ ತುಡಿ ಬಾರಿಸುವವರು, ಕೊಳಲು ಊದುವವರು, ಕೆಸರಿನಲ್ಲಿ ಸಾಲಾಗಿ ಬಗ್ಗಿದ ಹೆಂಗಸರು, ಅವರ ನಡುವೆ ನೀವು. ಕ್ಯಾಮೆರಾ ಹಿಡಿದ ಒಬ್ಬ ಅಪರಿಚಿತ. ಅಣ್ಣ ಆಗ ಗಡಿಯಾಚೆ ಹೆಗ್ಗಡದೇವನಕೋಟೆಯಲ್ಲಿ ಶುಂಠಿಗೆ ಹೊಲ ಹಿಡಿದಿದ್ದ. ರೇವತಿ ತೊಟ್ಟಿಲಲ್ಲಿದ್ದಳು.

ಚಿತ್ರಕ್ಕೆ ಬಹುಮಾನ ಬಂದ ಮೇಲೆ ನಿಮ್ಮನ್ನು ಕಲ್ಪೆಟ್ಟದಲ್ಲಿ ವೇದಿಕೆಗೆ ಕರೆದು ಶಾಲು ಹೊದಿಸಿದರು. ಮೈಸೂರು ಕಡೆ ಹೋಗುವ ಬಸ್ಸಿನ ಹಿಂಬದಿಯಲ್ಲಿ ನೀವು, ಕ್ಯಾಲೆಂಡರಿನಲ್ಲಿ ನೀವು. ದಾರಿಯಲ್ಲಿ ಹೋಗುವ ಕಾರುಗಳು ನಿಂತು, ನಗುವ ಚೇಚಿಯ, ಆ ನಗುವ ಅಕ್ಕನ, ಮನೆ ಯಾವುದೆಂದು ಕೇಳುತ್ತಿದ್ದವು. ಆಮೇಲೆ ಒಂದು ಅಕ್ಕಿ ಮಿಲ್ಲು ನಿಮ್ಮ ಮುಖವನ್ನು ಚೀಲದ ಮೇಲೆ ಹಾಕಿತು. ಮೀನಂಗಡಿ ಊರಿನ ಒಂದು ದಿನಸಿ ಅಂಗಡಿಯಲ್ಲಿ ಆ ಚೀಲವನ್ನು ಬಾಗಿಲಿಗೆ ಹಾಸಿದ್ದರು. ಮಳೆಯಲ್ಲಿ ಬಂದವರು ಅದರ ಮೇಲೆ ಕಾಲು ಒರೆಸಿ ಒಳಗೆ ಹೋಗುತ್ತಿದ್ದರು. ನೀವು ಚಪ್ಪಲಿ ಕೈಯಲ್ಲಿ ಹಿಡಿದು, ಚೀಲ ದಾಟಿ ಒಳಗೆ ಹೋಗಿ, ಸಕ್ಕರೆ ಕಟ್ಟಿಸಿಕೊಂಡಿರಿ. ನಿಮ್ಮ ಜೊತೆ ನಾನಿದ್ದೆ.

ಯಾರನ್ನು ನೋಡಿ ಹಾಗೆ ನಕ್ಕಳು ಎಂದು ಮೊದಲು ಯಾರು ಕೇಳಿದರೋ. ಗಂಡ ಊರಲ್ಲಿಲ್ಲ, ಎದುರಿಗೆ ನಿಂತವನು ಫೋಟೋದವನು, ಇನ್ನು ಕೇಳಬೇಕೇ, ಎಂದರು. ಪಕ್ಕದ ಗದ್ದೆಯ ದೇವಕಿಯಕ್ಕ ಎಲ್ಲರಿಗಿಂತ ಮುಂದೆ. ಶುಂಠಿ ಹೊಲದಲ್ಲಿ ಅಣ್ಣನ ಜೊತೆಯವರು, ನಿನ್ನ ಹೆಂಡತಿ ಬಸ್ಸಲ್ಲಿ ಹೋಗ್ತಾ ನಮ್ಮನ್ನೆಲ್ಲ ನೋಡಿ ನಕ್ಕಳು ಎಂದು ಛೇಡಿಸಿದರಂತೆ. ಅಣ್ಣ ಊರಿಗೆ ಬಂದ. ಕೂಗಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಬೇಕಾದ್ದನ್ನು ಮಗುವಿನ ಮೂಲಕ, ಅಮ್ಮನ ಮೂಲಕ ಹೇಳಿಸಿದ. ವರ್ಷಗಳು ಹೀಗೇ ಹೋದವು. ಒಮ್ಮೆ ಅಂಗಳದಲ್ಲಿ ಮೆಣಸು ಬಿಡಿಸುತ್ತ ನಾನು ಕೇಳಿದ್ದೆ, ನಿಜಕ್ಕೂ ಆವತ್ತು ಯಾಕೆ ನಕ್ಕಿರಿ ಎಂದು. ನೀವು ಹೇಳಿದ್ದಿಷ್ಟೇ.

"ಹೇಳಬೇಕಾದವರಿಗೆ ಹೇಳಿ ಆಯ್ತು ಸುಧಾ. ಇನ್ನು ಕಂಡವರು ಹೇಳಬೇಕು."

ಆಮೇಲೆ ನೀವು ನಾಟಿಗೆ ಇಳಿಯಲಿಲ್ಲ. ನಗು ಬಂದರೆ ಸೆರಗು ಬಾಯಿಗೆ. ಮದುವೆ ಮನೆಗಳಲ್ಲಿ ಫೋಟೋದವನು ಬಂದರೆ ಪಾತ್ರೆ ತೊಳೆಯುವ ಕಡೆ ಹೋಗಿಬಿಡುತ್ತಿದ್ದಿರಿ. ನೀವು ಹೋದ ದಿನ ಕವಲುದಾರಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಹಾಕಿಸಲು ನಿಮ್ಮದೊಂದು ಫೋಟೋ ಹುಡುಕಿದೆವು. ಇರಲಿಲ್ಲ. ಊರೂರಿನ ಗೋಡೆಯಲ್ಲಿದ್ದವರು ನೀವು, ಮನೆಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ವೋಟಿನ ಕಾರ್ಡಿನದನ್ನು ದೊಡ್ಡದು ಮಾಡಿಸಿದೆವು. ತುಟಿ ಬಿಗಿದ ಆ ಮುಖ ಯಾರದೆಂದು ದಾರಿಹೋಕರು ಕೇಳುತ್ತಿದ್ದರು.

ಈಗ ಬಸ್ಸಿನಲ್ಲಿ ನಡೆದದ್ದನ್ನು ಹೇಳಬೇಕು. ಅನುವಾದ ಮಾಡಿದವರು ಯಾರು ಎಂದು ಮೊದಲು ನೋಡುವುದು ನನ್ನ ಅಭ್ಯಾಸ, ನಿಮಗೆ ಗೊತ್ತಲ್ಲ. ಸುತ್ತಿದ ಪೇಪರು ಬಿಚ್ಚಿ ನೋಡಿ, ಒಂದು ಪುಟ ಓದಿ, ಟಿಕೆಟಿಗೆ ಚಿಲ್ಲರೆ ತೆಗೆಯಲು ಪುಸ್ತಕವನ್ನು ಹಾಗೇ ತೆರೆದು ಮಡಿಲ ಮೇಲೆ ಬೋರಲಾಗಿ ಇಟ್ಟೆ. ಆಗ ಕಂಡಿತು. ಚಿತ್ರ ಮುಖಪುಟದಲ್ಲಿ ಮುಗಿದಿರಲಿಲ್ಲ. ನಿಮ್ಮ ಕೈಯ ಸಸಿಯನ್ನು ದಾಟಿ, ಪುಸ್ತಕದ ಬೆನ್ನನ್ನು ದಾಟಿ, ಹಿಂಬದಿಗೆ ಹರಡಿತ್ತು. ಇಷ್ಟು ವರ್ಷ ಕತ್ತರಿಸಿ ಬಿಟ್ಟಿದ್ದ ಅರ್ಧ. ನಿಮ್ಮ ನೋಟ ಫೋಟೋದವನ ಕಡೆ ಇರಲಿಲ್ಲ. ಅಲ್ಲಿ ನಮ್ಮ ಅಮ್ಮ ಇದ್ದಳು. ಬದುವಿನಿಂದ ಜಾರಿ ಕೆಸರಿನಲ್ಲಿ ಕೂತುಬಿಟ್ಟಿದ್ದಳು. ಸೀರೆ ತೊಡೆಯವರೆಗೆ ಸರಿದಿತ್ತು, ಕಾಲೆರಡೂ ಚಾಚಿದ್ದವು. ಪುಸ್ತಕದ ಬಗ್ಗೆ ಬರೆದ ಸಾಲುಗಳು ಅವಳ ಮೇಲೆ ಹಾದುಹೋಗಿದ್ದವು. ನೀವು ನೋಡುತ್ತಿದ್ದದ್ದು ಅವಳನ್ನು. ಅತ್ತಿಗೆ, ನನ್ನ ನಿಲ್ದಾಣ ಬಂದು ಹೋಯಿತು, ನಾನು ಇಳಿಯಲಿಲ್ಲ.

ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಮರಗೆಣಸು ಕೆರೆಯುತ್ತಿದ್ದಳು. ಪುಸ್ತಕವನ್ನು ಬಿಡಿಸಿ ಅವಳ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಂಡು ನೋಡಿದಳು. ಆಶ್ಚರ್ಯ ಪಡಲಿಲ್ಲ. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

"ಬಂತಾ ಕೊನೆಗೂ," ಅಂದಳು.

ಹೊಸ ಕ್ಯಾಲೆಂಡರು, ಹೊಸ ಚೀಲ, ಏನು ಬಂದರೂ ಮೊದಲು ಚಿತ್ರದ ಅಂಚು ನೋಡುತ್ತಿದ್ದಳಂತೆ. ತನ್ನ ಕಾಲು ಎಲ್ಲಿ ಕಾಣುತ್ತದೋ ಎಂದು. ಇಷ್ಟು ವರ್ಷ. ಯಾಕೆ ಹೇಳಲಿಲ್ಲ, ಎಂದು ಕೇಳಿದೆ.

"ಊರು ಅವಳ ಬಾಯಿ ನೋಡ್ತಿತ್ತು. ನಾನು ಹೇಳಿದ್ರೆ ನನ್ನ ಕಾಲು ನೋಡ್ತಿತ್ತು."

"ಅಣ್ಣ ನಿನ್ನ ಕೇಳಲಿಲ್ವಾ?"

"ಕೇಳ್ದ. ಶುಂಠಿ ಹೊಲದಿಂದ ಬಂದವನೇ ಕೇಳ್ದ. ಅತ್ತೆ ಬಿದ್ದದ್ದಕ್ಕೆ ನಕ್ಕೆ ಅಂತಾಳೆ, ಹೌದಾ ಅಂದ." ಮರಗೆಣಸಿನ ಸಿಪ್ಪೆಯನ್ನು ಒಂದು ಕಡೆ ಒಟ್ಟಿದಳು. "ನಂಗೆ ಗ್ಯಾಪಕ ಇಲ್ಲ ಅಂದೆ."

ಇಂಥ ಮಾತುಗಳನ್ನು ನಾನು ಎಷ್ಟು ಕಾದಂಬರಿಗಳಲ್ಲಿ ಓದಿಲ್ಲ? ಅಲ್ಲಿ ಆ ವಾಕ್ಯ ಮುಗಿದ ಮೇಲೆ ಇನ್ನೊಂದು ವಾಕ್ಯ ಇರುತ್ತದೆ. ಅಡುಗೆಮನೆಯಲ್ಲಿ ಏನೂ ಇರಲಿಲ್ಲ. ಅವಳು ಅಂದದ್ದು ಎರಡೇ ಮಾತು, ಅದೂ ತನ್ನ ಮಗನಿಗೆ, ಮುಚ್ಚಿದ ಬಾಗಿಲೊಳಗೆ. ಆ ಎರಡು ಮಾತಿನ ಮೇಲೆ ನಿಮ್ಮ ಉಳಿದ ಬದುಕೆಲ್ಲ... ಮತ್ತೆ ನೀವು ಅವಳಿಗೆ ಕೊನೆಯವರೆಗೆ ತಲೆ ಬಾಚಿದಿರಿ, ಕಾಲಿಗೆ ಎಣ್ಣೆ ತಿಕ್ಕಿದಿರಿ. ತಿಕ್ಕುವಾಗ ನಿಮಗೆ ಏನನ್ನಿಸುತ್ತಿತ್ತು? ಒಮ್ಮೆಯಾದರೂ ಯಾಕೆ ಕೂಗಲಿಲ್ಲ?

ಅಮ್ಮ ಚಿತ್ರವನ್ನು ಬೆರಳಿನಿಂದ ಮುಟ್ಟಿ, ನನ್ನ ಮೇಲೆ ಏನು ಬರ್ದಿದಾರೆ, ಅಂದಳು. ಅನುವಾದ ಸರಾಗವಾಗಿದೆ ಅಂತ ಬರೆದಿದ್ದಾರೆ, ಅಂದೆ. ಅದು ನಿಜವೂ ಹೌದು.

ಆ ಪುಸ್ತಕವನ್ನು ಕವಲುದಾರಿಯಲ್ಲಿ ಎತ್ತಿ ಹಿಡಿದು ತೋರಿಸಿದರೆ ನಿಮ್ಮ ಹೆಸರಿಗೆ ಅಂಟಿದ್ದು ಕಳಚಿ ಬೀಳುತ್ತಿತ್ತು. ರೇವತಿಯ ಬೆನ್ನಿಗೆ ಹತ್ತಿದ ಮಾತೂ ನಿಲ್ಲುತ್ತಿತ್ತು. ಆದರೆ ಎಂಬತ್ತರ ಮುದುಕಿಯ ತೊಡೆಯನ್ನು ಊರಿಗೆ ತೋರಿಸಿ ಅದನ್ನು ಮಾಡಬೇಕಿತ್ತು. ಒಬ್ಬಳನ್ನು ಇಳಿಸಲು ಇನ್ನೊಬ್ಬಳನ್ನು ಗೋಡೆಗೆ ಏರಿಸುವುದು. ಅಷ್ಟು ಸಿಟ್ಟಿನಲ್ಲೂ ನನ್ನಿಂದ ಆಗಲಿಲ್ಲ. ಪುಸ್ತಕವನ್ನು ಅಮ್ಮನ ಹತ್ತಿರವೇ ಬಿಟ್ಟೆ. ಅವಳ ಜೊತೆ ಮಾತು ಬಿಟ್ಟೆ. ಅಣ್ಣ ನಿಮ್ಮೊಡನೆ ಮಾಡಿದ್ದೂ ಇದೇ ಅಲ್ಲವೇ ಎಂದು ಹೊಳೆಯಿತು. ಆದರೂ ಮಾತು ಬರಲಿಲ್ಲ.

ಭಾನುವಾರ ನೆರೆಯ ಹೆಂಗಸರ ಸಂಘ ನಮ್ಮ ಮನೆಯಲ್ಲಿ ಸೇರಿತ್ತು. ನಾಮಪತ್ರ ಹಿಂದೆ ಪಡೆಯಲು ಮರುದಿನವೇ ಕೊನೆ. ರೇವತಿ ಎದ್ದು, ನಾನು ನಿಲ್ಲೋದಿಲ್ಲ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳುತ್ತಿದ್ದಳು. ಅಷ್ಟರಲ್ಲಿ ಅಮ್ಮ ಕೋಲೂರಿಕೊಂಡು ಒಳಗಿನಿಂದ ಬಂದಳು. ಕಂಕುಳಲ್ಲಿ ಪುಸ್ತಕ. ಅದನ್ನು ಬಿಡಿಸಿ ಮೊದಲನೆಯವಳ ಮಡಿಲಿಗೆ ಹಾಕಿದಳು.

"ನೋಡಿ. ಈ ಕಡೆ ಕೂತಿರೋದು ನಾನು. ಅವಳು ನಕ್ಕದ್ದು ನನ್ನ ನೋಡಿ. ಬೇರೆ ಯಾರನ್ನೂ ಅಲ್ಲ."

ಪುಸ್ತಕ ಕೈಯಿಂದ ಕೈಗೆ ಹೋಯಿತು. ದೇವಕಿಯಕ್ಕನ ಹತ್ತಿರ ಬಂದಾಗ ಅವಳು ಹೇಳಿದ್ದು ಕೇಳಿ, ಅತ್ತಿಗೆ. ಇಲ್ಲಿಯವರೆಗೆ ಬರೆದದ್ದೆಲ್ಲ ಒಂದು, ಇದೇ ಒಂದು.

"ಅದು ಗೊತ್ತಿತ್ತಲ್ಲ ಅಮ್ಮಾ," ಅಂದಳು. "ಕೈ ಹಿಡಿದು ಎಬ್ಬಿಸಿದ್ದೇ ನಾನು."

ಅಮ್ಮ ನಿಂತಲ್ಲೇ ನಿಂತಳು. "ಮತ್ಯಾಕೆ ಹಾಗೆಲ್ಲ ಆಡ್ದೆ?"

ದೇವಕಿಯಕ್ಕ ಮತ್ತೆ ಚಿತ್ರ ನೋಡಿದಳು. ಸುಳ್ಳು ಹೇಳುವವಳ ಮುಖವಾಗಿರಲಿಲ್ಲ ಅದು. "ಪೇಪರಲ್ಲಿ ನೀವಿರ್ಲಿಲ್ವಲ್ಲ. ಅವಳೊಬ್ಬಳೇ ಇದ್ದಳು. ಬಸ್ಸಲ್ಲೂ ಅವಳೊಬ್ಬಳೇ, ಚೀಲದಲ್ಲೂ ಒಬ್ಬಳೇ. ನೋಡಿ ನೋಡಿ ನಂಗೂ ಹಾಗೇ ಆಗೋಯ್ತು. ಒಬ್ಬಳೇ ನಿಂತು ಯಾರನ್ನೋ ನೋಡಿ ನಕ್ಕಳು ಅಂತ." ಆಮೇಲೆ ತಗ್ಗಿದ ದನಿಯಲ್ಲಿ, "ಪಾವಂ," ಅಂದಳು, ಇಲ್ಲಿಯವರು ಪಾಪ ಅನ್ನುವ ಹಾಗೆ.

ಗದ್ದೆಯಲ್ಲಿ ಇದ್ದವರೆಲ್ಲ ಕಂಡಿದ್ದರು. ಕಂಡವರು ಹೇಳಬೇಕು ಅಂದಿದ್ದಿರಿ ನೀವು. ಕಂಡವರೇ ತಮ್ಮ ಕಣ್ಣನ್ನು ಬಿಟ್ಟು ಪೇಪರನ್ನು ನಂಬಿದ್ದರು. ಸುಳ್ಳನ್ನು ಎದುರಿಸಬಹುದು ಎಂದುಕೊಂಡಿದ್ದೆ. ಇದನ್ನು ಏನೆಂದು ಕರೆಯಲಿ?

ಕೊನೆಗೆ ಪುಸ್ತಕ ರೇವತಿಯ ಕೈಗೆ ಬಂತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಅಜ್ಜೀ," ಅಂದಳು, "ನೀನೂ ನಗ್ತಾ ಇದೀಯ ಇಲ್ಲಿ." ನಾನು ಎದ್ದು ಹೋಗಿ ನೋಡಿದೆ. ಅಕ್ಷರಗಳ ಹಿಂದೆ ಅಮ್ಮನ ಮುಖ. ಹೌದು, ಅಮ್ಮನೂ ನಗುತ್ತಿದ್ದಳು, ನಿಮ್ಮಷ್ಟೇ ಬಾಯಿ ತೆರೆದು. ಸಾಲು ಸಾಲು ಬಿಡದೆ ಓದುವ ನಾನು, ಅಲ್ಲಿಯವರೆಗೆ ಬರೀ ಕಾಲು ನೋಡಿದ್ದೆ.

ಅಣ್ಣ ಹೊರಗೆ ಜಗಲಿಯಲ್ಲಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಹೆಂಗಸರು ಹೋದ ಮೇಲೆ ಪುಸ್ತಕ ಕೇಳಿ ತೆಗೆದುಕೊಂಡ. ಕತ್ತಲಾಗುವವರೆಗೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿದ್ದ. ನಾನು ದೀಪ ಹಾಕಲು ಹೋದಾಗ ಒಂದೇ ಮಾತು ಅಂದ. "ಅವಳು ನಂಗೆ ಹೇಳಿದ್ದಳು." ನಾನು ದೀಪ ಹಾಕಿ ಒಳಗೆ ಬಂದೆ. ನೀವಾಗಿದ್ದರೆ ಏನಾದರೂ ಹೇಳುತ್ತಿದ್ದಿರೋ ಏನೋ.

ಸೋಮವಾರ ಬೆಳಿಗ್ಗೆ ನಾಮಪತ್ರ ಹಿಂದಕ್ಕೆ ಪಡೆಯಲೆಂದು ರೇವತಿಯನ್ನು ಪಂಚಾಯತ್ ಆಫೀಸಿಗೆ ಕರೆದೊಯ್ಯಲು ಅಣ್ಣ ಜೀಪು ತೆಗೆದ. ಮುಂದಿನ ಸೀಟಿನಲ್ಲಿ ಅವಳು, ಹಿಂದೆ ನಾನು. ಕವಲುದಾರಿಯಲ್ಲಿ ಅವಳು, ಮೀನಂಗಡಿಯ ಸ್ಟುಡಿಯೋಗೆ ಹೋಗೋಣ ಅಪ್ಪಾ, ಪೋಸ್ಟರಿಗೆ ಫೋಟೋ ತೆಗೆಸಬೇಕು, ಅಂದಳು. ಅಣ್ಣ ಇಂಜಿನ್ ನಿಲ್ಲಿಸಿದ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು. ಮತ್ತೆ ಕೀಲಿ ತಿರುಗಿಸಿ, ಮೀನಂಗಡಿಯ ಕಡೆಗೆ ತಿರುಗಿದ.

ಅಮ್ಮನ ಜೊತೆ ನಾನು ಮಾತಾಡುತ್ತಿದ್ದೇನೆ, ಬೇಕಾದಷ್ಟೇ. ಕ್ಷಮಿಸಿದ್ದೇನೆ ಎಂದು ನಿಮಗೆ ಸುಳ್ಳು ಬರೆಯಲಾರೆ. ಊರೂ ಬದಲಾಗಿಲ್ಲ. ಈಗ ಅಮ್ಮನ ಕಾಲಿನ ಬಗ್ಗೆ ಒಂದೆರಡು ನಗೆಮಾತು ಹುಟ್ಟಿವೆ, ಅವು ಅಮ್ಮನ ಕಿವಿಗೂ ಬಿದ್ದಿವೆ. ಅವಳು ಮನೆಮನೆಗೆ ಮೊಮ್ಮಗಳ ಜೊತೆ ಹೋಗುವುದನ್ನು ನಿಲ್ಲಿಸಿಲ್ಲ. ಪೋಸ್ಟರು ಗೋಡೆಗಳ ಮೇಲೆ ಬಂದಿದೆ. ನಿಮ್ಮ ಮಗಳು ಹಲ್ಲು ಕಾಣುವ ಹಾಗೆ ನಕ್ಕಿದ್ದಾಳೆ. ಗೆಲ್ಲುತ್ತಾಳೋ ಇಲ್ಲವೋ ತಿಳಿಯದು, ಮತದಾನ ಇನ್ನೂ ಆಗಬೇಕು. ಆದರೆ ನಿನ್ನೆ ಸಂಜೆ ಚಹಾದಂಗಡಿಯ ಎದುರು ನಡೆದದ್ದನ್ನು ನಿಮಗೆ ಹೇಳಲೇಬೇಕು. ಬೆಂಚಿನ ಮೇಲೆ ಕೂತ ಒಬ್ಬ ಪೋಸ್ಟರು ತೋರಿಸಿ, ಈ ನಗು ಯಾರಿಗೋಸ್ಕರ ಮೋಳೇ, ಎಂದು ಮಗಳನ್ನು ಕರೆಯುವವನಂತೆ, ಎಲ್ಲರಿಗೂ ಕೇಳುವ ಹಾಗೆ ಕೇಳಿದ. ರೇವತಿ ನಿಂತಳು, ಕೈಯಲ್ಲಿದ್ದ ಕರಪತ್ರವೊಂದನ್ನು ಅವನ ಮುಂದೆ ಚಾಚಿದಳು.

"ವೋಟಿಗೋಸ್ಕರ, ಚೇಟಾ," ಅಂದಳು. "ನಿಮ್ಮದೂ ಬೇಕು."

ನಿಮ್ಮ
ಸುಧಾ