ತಂತಿ ಬಿಚ್ಚುವಂತಿಲ್ಲ

ಮಲ್ಲಂದೂರು, ೨೮-೩-೨೦೦೪

ಪ್ರೀತಿಯ ಅಕ್ಕಾ,

ನನಗೆ ಗುರುಬಲವಿಲ್ಲವೆಂದು ಕೊರಗುತ್ತಿದ್ದೆಯಲ್ಲ, ಇಲ್ಲಿ ರೇಡಿಯೊದಲ್ಲಿ ಗುರುವನ್ನೇ ಹಿಡಿಯಲು ಕೂತಿದ್ದೇನೆ. ಆ ಗ್ರಹದ ಕಾಂತವಲಯದಲ್ಲಿ ಅಲೆಗಳು ಇಲೆಕ್ಟ್ರಾನುಗಳನ್ನು ಅಟ್ಟಿ ಓಡಿಸುತ್ತವೆ. ಅವುಗಳ ಗಲಾಟೆ ರೇಡಿಯೊದಲ್ಲಿ ಕಡಲು ಮೊರೆದಂತೆ ಕೇಳುತ್ತದೆ. ಅದಕ್ಕಾಗಿ ಎಸ್ಟೇಟಿನ ಎರಡು ಸಿಲ್ವರ್ ಓಕ್ ಮರಗಳ ನಡುವೆ ತಂತಿ ಕಟ್ಟಿದ್ದೆ.

"ಮೇಷ್ಟ್ರೇ, ನಿಮ್ಮ ತಂತಿ ಬಂದ ಮೇಲೆ ಮೋಡವೇ ಕಾಣೆ. ಹೂಮಳೆ ಬಾರದಿದ್ರೆ ಕಾಫಿ ಹೂ ಬಿಡಲ್ಲ. ಭಾನುವಾರ ಬಿಚ್ಚಿಬಿಡಿ" ಎಂದರು ಎಸ್ಟೇಟಿನ ಒಡತಿ ವಸಂತಮ್ಮ.

ನನ್ನ ಪಿಎಚ್‌ಡಿಗೆ ಬೇಕಾದ ಸದ್ದು ಶನಿವಾರ ಸಂಜೆ ಬರುವ ಲೆಕ್ಕವಿತ್ತು. ಬಂತು. ಜೊತೆಗೇ ಗುಡುಗು, ಮಿಂಚು, ಮಳೆಯೂ ಬಂದು ಟೇಪಿನಲ್ಲಿ ಬರೀ ಚಟಪಟ ಉಳಿಯಿತು.

ಇವತ್ತು ಬಿಚ್ಚಲು ಹೋದರೆ ವಸಂತಮ್ಮನವರು ಮರದ ಬುಡದಲ್ಲೇ ಕಾವಲು ನಿಂತಿದ್ದಾರೆ. "ಮುಟ್ಟಬೇಡಿ ಮಾರಾಯ್ರೆ. ಕಾಯಿ ಕಚ್ಚೋಕೆ ಇನ್ನೊಂದು ಮಳೆ ಬೇಕು. ಆಮೇಲೆ ಗೋಣಿಬೀಡಲ್ಲಿ ನಮ್ಮ ತಮ್ಮನ ತೋಟಕ್ಕೂ ಒಂದು ಕಟ್ಟಿಕೊಡಿ."

ಹೀಗಾಗಿ ಗುರುವಿಗೂ ನನಗೂ ಇನ್ನೊಂದು ಅವಕಾಶ ಸಿಕ್ಕಿದೆ. ಬರುವ ಮಳೆ ಗುಡುಗಿಲ್ಲದೆ ಬರಲೆಂದು ಇಡೀ ಎಸ್ಟೇಟಿನಲ್ಲಿ ನಾನೊಬ್ಬನೇ ಹರಕೆ ಹೊತ್ತಿದ್ದೇನೆ. ನೆಂದು ಶೀತವಾಗಿದೆ, ಸ್ವೆಟರ್ ಕಳಿಸು. ಕಾರ್ಡು ತುಂಬಿತು.

ಮಳೆ ತರಿಸಿದ ನಿನ್ನ ತಮ್ಮ,
ಶ್ರೀಹರಿ