ನೀನು ಇಳಿಸಿಟ್ಟ ಶ್ರುತಿ

ಬೀಗದ ಅಂಗಡಿಯ ಮಹಡಿ,
ಬುಧವಾರ, ಜೂನ್ 11

ಒಂದು ಕಾಲಕ್ಕೆ ನನ್ನ ಎಡಗಡೆ ಕೂತು ಗಿಟಾರ್ ನುಡಿಸುತ್ತಿದ್ದವನಿಗೆ,

ನಿನ್ನ ಪತ್ರ ಸೋಮವಾರ ಕೈಸೇರಿತು. ನನ್ನನ್ನು ‘ತಾವು’ ಅಂದಿದ್ದೀಯ. ಏಳು ವರ್ಷ ಗಂಡ ಹೆಂಡತಿಯಾಗಿ ಒಂದೇ ಸೂರಿನ ಕೆಳಗೆ ಇದ್ದು, ಬೇರೆಯಾಗಿ ಹದಿನೆಂಟು ವರ್ಷವಾದ ಮೇಲೆ ತಾವು ಅನ್ನಿಸಿಕೊಂಡರೆ ನಗು ಬರುತ್ತದೆ. ನಾನು ನೀನು ಅಂತಲೇ ಬರೆಯುತ್ತೇನೆ. ಹೊಸ ಮರ್ಯಾದೆ ಕಲಿಯುವ ವಯಸ್ಸು ದಾಟಿತು.

ಬೈದಿದ್ದೀಯ, ಸರಿಯಾಗಿಯೇ ಬೈದಿದ್ದೀಯ. ನಿನ್ನ ಮಗಳು ಶನಿವಾರ ಮಧ್ಯಾಹ್ನ ಲೆಕ್ಕದ ಟ್ಯೂಷನ್‌ಗೆ ಹೋಗುತ್ತಾಳೆ ಅಂತ ನೀನು ಎರಡು ವರ್ಷ ನಂಬಿದ್ದೆ. ಅವಳು ಬರುತ್ತಿದ್ದದ್ದು ನನ್ನ ಹತ್ತಿರ, ಗಿಟಾರ್ ಕಲಿಯಲು. ಸಂಗೀತ ಶಾಲೆಯ ಪ್ರವೇಶದ ಅರ್ಜಿ ನಿನ್ನ ಕೈಗೆ ಸಿಕ್ಕಿ, ಅದರಲ್ಲಿ ಕಲಿಸಿದವರ ಜಾಗದಲ್ಲಿ ನನ್ನ ಹೆಸರು ಕಂಡಾಗ ನಿನಗೆ ಏನಾಗಿರಬೇಕು ಅಂತ ಊಹಿಸಬಲ್ಲೆ. ಸತ್ತರೂ ಸಹಿ ಹಾಕುವುದಿಲ್ಲ ಅಂತ ಬರೆದಿದ್ದೀಯ. ಹಾಕು ಅಂತ ಗೋಗರೆಯಲು ನಾನು ಕೂತಿಲ್ಲ. ನಡೆದದ್ದನ್ನು ನಡೆದ ಹಾಗೆ ತಿಳಿಸುತ್ತೇನೆ, ಅಷ್ಟೇ.

ಮೊದಲ ದಿನ ಅವಳಿಗೆ ಹದಿನಾಲ್ಕು. ಹಳೆಯ ಹೊದಿಕೆಯಲ್ಲಿ ಸುತ್ತಿದ ಗಿಟಾರನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಬಿಚ್ಚಿದ ಕೂಡಲೇ ಗುರುತು ಸಿಕ್ಕಿತು. ನಿನ್ನ ಉಂಗುರ ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಹಾಗೇ ಇದೆ. ಯಾರು ಕಲಿಸಿದರು ಅಂತ ಕೇಳಿದೆ. ಯಾರೂ ಇಲ್ಲ ಮಿಸ್, ನಾನೇ, ಅಂದಳು. ಶಾಲೆಯಿಂದ ಬಂದವಳೇ ಸ್ಟೂಲು ಹತ್ತಿ ಬೀರುವಿನ ಮೇಲಿಂದ ಗಿಟಾರ್ ಇಳಿಸಿಕೊಂಡು, ನೀನು ಲಿಫ್ಟ್ ರಿಪೇರಿ ಮುಗಿಸಿ ಬರುವುದರೊಳಗೆ ವಾಪಸ್ಸು ಇಡುತ್ತಿದ್ದಳಂತೆ. ಧೂಳು ಅಳಿಸಿದ್ದು ಅಪ್ಪನಿಗೆ ಗೊತ್ತಾಗಬಾರದು ಅಂತ ಮೇಲೆ ಒಂದಿಷ್ಟು ಟಾಲ್ಕಂ ಪೌಡರ್ ಉದುರಿಸುತ್ತಿದ್ದಳಂತೆ. ನಿಮ್ಮ ಮನೆಯ ಧೂಳಿಗೆ ಮಲ್ಲಿಗೆ ಪರಿಮಳ ಯಾಕೆ ಅಂತ ನಿನಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ?

ನುಡಿಸು ಅಂದೆ. ನುಡಿಸಿದಳು. ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ, ಅಂಥದ್ದನ್ನು ಕೇಳಿರಲಿಲ್ಲ. ಹೆಬ್ಬೆರಳು ಇರಬಾರದ ಕಡೆ ಇತ್ತು, ಕಿರುಬೆರಳು ಅತಿಥಿಯ ಹಾಗೆ ಸುಮ್ಮನೆ ಕೂತಿತ್ತು. ಬಲಗೈ ಮಾತ್ರ ಯಾರಿಗೂ ಹೆದರದ ಕೈ. ಸ್ವರಗಳು ಎಲ್ಲೋ ತಳದಿಂದ, ತಗ್ಗಿನಲ್ಲಿ, ಒಂದರ ಹೆಗಲ ಮೇಲೆ ಒಂದು ಒರಗಿಕೊಂಡು ಬರುತ್ತಿದ್ದವು. ಶ್ರುತಿ ಯಾವುದು ಅಂತ ಎರಡು ನಿಮಿಷ ನನಗೆ ತಿಳಿಯಲೇ ಇಲ್ಲ. ಆಮೇಲೆ ತಿಳಿಯಿತು. ಆ ತಂತಿಗಳನ್ನು ಯಾರೂ ಶ್ರುತಿ ಮಾಡಿರಲಿಲ್ಲ. ನೀನು ಕೊನೆಯ ದಿನ ಒಂದೊಂದೇ ಬಿರಡೆ ತಿರುಗಿಸಿ ತಂತಿ ಸಡಿಲ ಮಾಡಿ, ಗಿಟಾರನ್ನು ಚೀಲಕ್ಕೆ ಹಾಕಿದೆ. ನಾನು ಬಾಗಿಲಲ್ಲಿ ನಿಂತಿದ್ದೆ. ಅವು ಎಲ್ಲಿ ಇಳಿದು ನಿಂತಿದ್ದವೋ ಅದೇ ಸರಿಯಾದ ಶ್ರುತಿ ಅಂತ ನಿನ್ನ ಮಗಳು ತಿಳಿದಳು. ಅದರಲ್ಲೇ ಕಲಿತಳು. ನೀನು ಬಿಟ್ಟು ಎದ್ದ ಕಡೆಯಿಂದ ಅವಳು ಶುರುಮಾಡಿದ್ದಳು.

ಇನ್ನು ನನ್ನ ತಪ್ಪಿನ ವಿಷಯ. ಮೂರನೆಯ ಶನಿವಾರ, ತುಕ್ಕು ಹಿಡಿದ ತಂತಿಯಿಂದ ಅವಳ ಬೆರಳ ತುದಿ ಕಪ್ಪಾಗುವುದನ್ನು ನೆಪ ಮಾಡಿಕೊಂಡು, ಆರೂ ತಂತಿ ಕತ್ತರಿಸಿ ಹೊಸದು ಹಾಕಿ, ಎಲ್ಲರೂ ಮಾಡುವ ಶ್ರುತಿ ಮಾಡಿಕೊಟ್ಟೆ. ಈಗ ನುಡಿಸು ಅಂದೆ. ಬೆರಳಿಟ್ಟಳು, ಅಪಸ್ವರ ಬಂತು. ಬೇರೆ ಕಡೆ ಇಟ್ಟಳು, ಅಲ್ಲೂ ಅದೇ. ಇಲ್ಲಿಗೆ ಬರುವ ಮೊದಲಿನ ಎರಡು ವರ್ಷದಲ್ಲಿ ತಾನೇ ಕಟ್ಟಿಕೊಂಡಿದ್ದ ಒಂದು ಹಾಡೂ ಅವಳ ಕೈಗೆ ಸಿಗಲಿಲ್ಲ. ಅಳಲಿಲ್ಲ. ಗಿಟಾರನ್ನು ಹೊದಿಕೆಯಲ್ಲಿ ಸುತ್ತಿಕೊಂಡು, ಇದು ನಂದಲ್ಲ ಮಿಸ್, ಅಂತ ಹೇಳಿ ಇಳಿದುಹೋದಳು. ಐದು ವಾರ ಬರಲಿಲ್ಲ.

ಪದ್ಧತಿ ಪ್ರಕಾರ ಕಲಿಸಿದೆ ಅಂತ ಆ ಐದು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಅದಲ್ಲ. ನೀನು ಗಿಟಾರ್ ಬಿಟ್ಟದ್ದು ಅಷ್ಟು ಚೆನ್ನಾಗಿ ಕೇಳಿಸುವುದನ್ನು ನನಗೆ ಕೂತು ಕೇಳಲಾಗಲಿಲ್ಲ.

ಆರನೆಯ ವಾರ ಬಂದಳು, ನನ್ನ ಶ್ರುತಿ ವಾಪಸ್ಸು ಕೊಡಿ ಅಂದಳು. ಎಲ್ಲಿಂದ ಕೊಡಲಿ? ಹಳೆಯ ತಂತಿ ಕಸಕ್ಕೆ ಹೋಗಿತ್ತು. ನೀನು ಗುನುಗು, ನಾನು ಹುಡುಕುತ್ತೇನೆ ಅಂದೆ. ಗುನುಗಿದಳು. ಒಂದು ಸಲ ಗುನುಗಿದ್ದಕ್ಕೂ ಇನ್ನೊಂದು ಸಲಕ್ಕೂ ಕೂದಲೆಳೆ ವ್ಯತ್ಯಾಸ ಬರುತ್ತಿತ್ತು, ಅದು ಅವಳಿಗೇ ಗೊತ್ತಾಗಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಆಗ ಕೆಳಗಿನ ಅಂಗಡಿಯವನು ಕೀ ಕೊರೆಯುವ ಯಂತ್ರ ಹಾಕಿದ. ಅವಳು ಥಟ್ಟನೆ ಎದ್ದು, ಮಿಸ್, ಇದು! ನನ್ನ ಮೂರನೇ ತಂತಿ ಇದೇ! ಅಂತ ಕೂಗಿದಳು. ಮೊದಲ ದಿನವೇ ಅವಳಿಗೆ ಹಾಗನ್ನಿಸಿತ್ತಂತೆ. ನಾನು ಬಿರಡೆಗೆ ಕೈ ಹಾಕುವಷ್ಟರಲ್ಲಿ ಯಂತ್ರ ನಿಂತುಹೋಯಿತು. ಕೆಳಗೆ ಓಡಿ, ಇನ್ನೊಂದು ಕೀ ಮಾಡಪ್ಪ ಅಂದೆ. ಯಾವ ಬೀಗಕ್ಕೆ ಮೇಡಂ ಅಂದ. ಯಾವ ಬೀಗಕ್ಕೂ ಬೇಡ, ಸದ್ದಿಗೆ ಅಂದೆ. ಇವರಿಗೆ ಪಾಠ ಹೇಳಿ ಹೇಳಿ ತಲೆ ಕೆಟ್ಟಿದೆ ಅನ್ನುವ ಮುಖ ಮಾಡಿ, ಪಾಪ, ಎರಡು ಕೀ ಕೊರೆದ. ಮೂರನೆಯದು ಸಿಕ್ಕಮೇಲೆ ಉಳಿದ ಐದು ತಂತಿ ಒಂದರ ಕೈ ಹಿಡಿದು ಒಂದು ಬಂದವು. ಐದು ಗಂಟೆಯ ಹೊತ್ತಿಗೆ ಅವಳ ಹಾಡು ಅವಳಿಗೆ ಸಿಕ್ಕಿತು. ಅವತ್ತು ಅತ್ತಳು.

ಅಲ್ಲಿಂದ ನಮ್ಮಿಬ್ಬರಿಗೆ ಒಪ್ಪಂದವಾಯಿತು. ಒಂದು ಗಂಟೆ ನನ್ನ ಶ್ರುತಿಯಲ್ಲಿ ಪಾಠ, ಒಂದು ಗಂಟೆ ಅವಳ ಶ್ರುತಿಯಲ್ಲಿ ನಾನು ಬರೇ ಕಿವಿ. ಒಳ್ಳೆಯ ಶಿಷ್ಯೆ ಅಂತ ಹೊಗಳಲಾರೆ. ಪ್ರತಿಯೊಂದಕ್ಕೂ ವಾದ. ಕಿರುಬೆರಳು ಯಾಕೆ ಮಿಸ್, ಚಿಕ್ಕದು, ಪಾಪ, ಸುಮ್ನೆ ಇರ್ಲಿ, ಅನ್ನುವಳು. ಆರು ತಿಂಗಳು ಅದನ್ನು ಏಳಿಸುವುದರಲ್ಲೇ ಕಳೆಯಿತು. ಒಂದು ದಿನ ತಂತಿ ಬಿಗಿಮಾಡುತ್ತಾ, ತಲೆ ಎತ್ತದೆ, ನೀವು ಅಪ್ಪನ ಮೊದಲನೇ ಹೆಂಡತಿ ಅಲ್ವಾ ಅಂತ ಕೇಳಿದಳು. ಹೌದು ಅಂದೆ. ಹ್ಞೂಂ ಅಂದು, ಮುಂದಿನ ಪಾಠ ಏನು ಅಂದಳು. ನಾನು ಏನೋ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅದು ಹಾಗೇ ಉಳಿಯಿತು.

ಏಪ್ರಿಲ್‌ನಲ್ಲಿ ಸಂಗೀತ ಶಾಲೆಯ ಆಯ್ಕೆ. ಉದ್ದನೆಯ ಮೇಜಿನ ಹಿಂದೆ ಮೂವರು ಕೂತಿದ್ದರು. ಮೊದಲು ನಾನು ಕಲಿಸಿದ್ದನ್ನು ನುಡಿಸಿದಳು, ಅವರು ಗುರುತು ಹಾಕಿಕೊಂಡರು. ಆಮೇಲೆ ಅವರೆದುರಿಗೇ ಒಂದೊಂದೇ ಬಿರಡೆ ಇಳಿಸತೊಡಗಿದಳು. ನಾನು ಹಿಂದಿನ ಕುರ್ಚಿಯಲ್ಲಿ ಕೂತು ಅವಳ ಮಣಿಕಟ್ಟು ನೋಡುತ್ತಿದ್ದೆ. ಆ ತಿರುವು ನಿನ್ನದೇ. ನುಡಿಸಿ ಮುಗಿಸಿದಾಗ ಮೂವರಲ್ಲಿ ಯಾರೂ ಬರೆಯುತ್ತಿರಲಿಲ್ಲ. ಹಿರಿಯರೊಬ್ಬರು ಈ ಶ್ರುತಿ ಯಾರು ಹೇಳಿಕೊಟ್ಟದ್ದು ಅಂತ ಕೇಳಿದರು. ಅವಳು ನನ್ನ ಕಡೆ ತಿರುಗಲಿಲ್ಲ. ಯಾರೂ ಹೇಳಿಕೊಟ್ಟಿಲ್ಲ ಸರ್, ಮನೇಲಿ ಹೀಗೇ ಇತ್ತು, ಅಂದಳು.

ಈಗ ನೀನು ಕೇಳದೇ ಇರುವ ಒಂದು ಮಾತು. ಹದಿನೆಂಟು ವರ್ಷದ ಹಿಂದೆ ರೇಡಿಯೊದವರು ಕರೆದಿದ್ದ ನಮ್ಮಿಬ್ಬರ ರೆಕಾರ್ಡಿಂಗ್ ಮುಂದಕ್ಕೆ ಹೋಗಿದೆ ಅಂತ ನಿನಗೆ ಹೇಳಿದ್ದು ನಾನು. ಮುಂದಕ್ಕೆ ಹೋಗಿರಲಿಲ್ಲ. ಇಬ್ಬರು ಬೇಡ, ಒಬ್ಬರು ಸಾಕು ಅಂತ ರೇಡಿಯೊದವರು ಅಂದರು. ನಿನಗೆ ಜ್ವರ ಇತ್ತು. ಔಷಧಿ ತರುತ್ತೇನೆ ಅಂತ ಹೊರಟವಳು ಹೋಗಿ ನುಡಿಸಿ, ಬರುವಾಗ ಔಷಧಿಯನ್ನೂ ತಂದೆ. ನೀನು ಕ್ಷೌರದಂಗಡಿಯಲ್ಲಿ ಕೂತಿದ್ದಾಗ ರೇಡಿಯೊದಲ್ಲಿ ಅದನ್ನು ಕೇಳಿದೆ. ಅರ್ಧ ಗಡ್ಡದಲ್ಲಿ ಎದ್ದು ಬಂದೆ, ಜಗಳ ಆಡಲಿಲ್ಲ, ಬಿರಡೆ ತಿರುಗಿಸಲು ಕೂತೆ. ಒಬ್ಬರು ಸಾಕು ಅಂದಾಗ ನನಗೆ ಸಂಕಟವಾಗಿತ್ತು ಅಂತ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಆಗಿರಲಿಲ್ಲ. ಖುಷಿಯಾಗಿತ್ತು.

ಆದ್ದರಿಂದ ಸಂಗೀತ ಮನೆ ಮುರಿಯುತ್ತದೆ ಅಂತ ನೀನು ಬರೆದದ್ದನ್ನು ನಾನು ಒಪ್ಪುವುದಿಲ್ಲ. ನಮ್ಮ ಮನೆ ಮುರಿದದ್ದು ನಾನು. ಆ ಸಿಟ್ಟನ್ನು ನನ್ನ ಮೇಲೆ ಇಟ್ಟುಕೋ, ಅದಕ್ಕೆ ನಾನು ತಕರಾರು ಮಾಡುವುದಿಲ್ಲ. ಅದನ್ನು ಆ ಹುಡುಗಿಯ ಕಡೆ ಸಾಗಹಾಕಬೇಡ.

ಅವಳಿಗೆ ಕಲಿಸಬೇಕಾದ್ದನ್ನು ಕಲಿಸಿ ಆಯಿತು. ಕಳೆದ ಶನಿವಾರ ಕೊನೆಯ ಪಾಠ. ಕಿರುಬೆರಳು ಈಗ ಕೆಲಸ ಮಾಡುತ್ತದೆ.

ಇಂತಿ,
ನಿನ್ನ ಮಗಳ ಗಿಟಾರ್ ಟೀಚರ್

ಮರೆತಿದ್ದೆ: ಮೊದಲ ದಿನ ಮೆಟ್ಟಿಲ ಮೇಲೆ ಅವಳೊಬ್ಬಳೇ ಇರಲಿಲ್ಲ. ಕರೆದುಕೊಂಡು ಬಂದವಳು ನಿನ್ನ ಹೆಂಡತಿ. ನನ್ನ ವಿಳಾಸ ಹುಡುಕಿದವಳೂ ಅವಳೇ. ಯಾಕಮ್ಮ, ಊರಲ್ಲಿ ಬೇರೆ ಯಾರೂ ಸಿಗಲಿಲ್ಲವೇ ಅಂತ ಕೇಳಿದ್ದೆ. ಊಟಕ್ಕೆ ಕೂತಾಗ ಇವರ ಎಡಗೈ ಬೆರಳು ಮೇಜಿನ ಅಂಚಲ್ಲಿ ಓಡಾಡ್ತಿರುತ್ತೆ ಅಕ್ಕಾ, ಏನು ಅಂತ ಕೇಳಿದ್ರೆ ಏನಿಲ್ಲ ಅಂತಾರೆ, ಅದು ಅರ್ಥವಾಗೋರು ಮನೇಲಿ ಒಬ್ಬರಾದ್ರೂ ಇರ್ಲಿ ಅಂತ, ಅಂದಳು. ಸಂಗೀತ ಶಾಲೆಯವರಿಗೆ ತಂದೆ ತಾಯಿಯರಲ್ಲಿ ಒಬ್ಬರ ಸಹಿ ಸಾಕು. ನಿನ್ನೆ ಅವಳು ಹಾಕಿ ಕಳಿಸಿದ್ದಾಳೆ. ಇಷ್ಟನ್ನು ನಿನಗೆ ಬರೆಯಿರಿ ಅಂತ ಹೇಳಿದವಳೂ ಅವಳೇ, ಬಾಯಿಬಿಟ್ಟು ಹೇಳಲು ಅವಳಿಗೆ ಧೈರ್ಯ ಸಾಲದಂತೆ. ಹುಡುಗಿ ಹೊರಡುವುದು ಭಾನುವಾರ ಸಂಜೆ. ಅಷ್ಟರೊಳಗೆ ಒಂದು ಸಲ ನುಡಿಸು ಅಂತ ನೀನೇ ಬಾಯಿಬಿಟ್ಟು ಕೇಳು.