ಕತಿಂಗ ಎಂಬ ನಾತ

ಜಗಳೂರು
೨೮-೧೦-೧೯೭೯

ಶ್ರೀ ರೇವಣ್ಣನವರಿಗೆ,

ಗಂಡನ ಹೆಸರು ಹಿಡಿದೇ ಬರೆಯುತ್ತಿದ್ದೇನೆ. ನಿಮ್ಮೆದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಕಾಗದದ ಮೇಲೆ ಹೊರಡುತ್ತದೆ.

ದೀಪಾವಳಿಗೆ ಅಪ್ಪ ಹೊನ್ನಾಳಿಗೆ ಬಂದಾಗ ನೀವು ಕಾಲೇಜಿನ ಪತ್ರಿಕೆಗೆ ಲೇಖನ ಬರೆಯುತ್ತಿದ್ದಿರಿ. ಏನ್ ಬರೀತೀರಿ ಅಳಿಯಂದ್ರೇ ಎಂದು ಅಪ್ಪ ಕೇಳಿದ್ದಕ್ಕೆ ಎಷ್ಟು ಚೆನ್ನಾಗಿ ವಿವರಿಸಿದಿರಿ! ಬ್ರೆಜಿಲಿನ ಪೋರ್ಚುಗೀಸಿನಲ್ಲಿ ಮೈನಾತಕ್ಕೆ ‘ಕತಿಂಗ’ ಎನ್ನುತ್ತಾರೆ. ಧಣಿಗಳು ಗುಲಾಮರನ್ನು ಹೀಯಾಳಿಸಿದ್ದು ಅದೇ ಪದದಿಂದ. ಅದು ಆ ನೆಲದ ಮೂಲಜನರ ಮಾತೆಂದು ಕೆಲವರು, ಆಫ್ರಿಕದ್ದೆಂದು ಕೆಲವರು. ಯಾವುದಾದರೂ ಸರಿ, ಬೈಸಿಕೊಂಡವರ ಬಾಯಿಂದಲೇ ಕಿತ್ತುಕೊಂಡದ್ದು. ಸಾಹಿತ್ಯ ಓದಿದವಳು ನಾನೂ, ಬಾಗಿಲ ಮರೆಯಲ್ಲಿ ಆಸೆಯಿಂದ ಕೇಳಿಸಿಕೊಂಡೆ. ನಿಮ್ಮ ಕಣ್ಣು ತುಂಬಿತ್ತು. ಅಪ್ಪನೂ ಅಯ್ಯೋ ಪಾಪ ಅಂದ.

ಆಮೇಲೆ ನಿಮಗೆಂದು ತಂದ ಕಂಬಳಿ ಬಿಚ್ಚಿದ. ನಮ್ಮ ಕುರಿಗಳದೇ ಉಣ್ಣೆ. ನಿಮ್ಮ ಅವ್ವ ಸೆರಗು ಮೂಗಿಗೆ ಹಿಡಿದು, ಒಳಗೆ ತರಬ್ಯಾಡ್ರಿ, ಕುರಿ ನಾತ ಹೊಡೀತೈತೆ, ನಿಮ್ಮ ಮಗಳದ್ದೇ ಇನ್ನೂ ಹೋಗಿಲ್ಲ, ಅಂದರು. ಹೊಸಾದು ಅಕ್ಕಾ, ನೂಲಿಗೆ ಹಾಕಿದ ಹುಣಸೆಬೀಜದ ಗಂಜಿ ವಾಸ್ನೆ, ಬಿಸ್ಲಿಗೆ ಹೋಗ್ತೈತೆ ಎಂದು ಅಪ್ಪ ನಕ್ಕ. ದೇವರಿಗೆ ಗದ್ದಿಗೆಯಾಗಿ ಹಾಸಿ ಪೂಜೆ ಆಗುವವರೆಗೆ ಹೊಸ ಕಂಬಳಿಗೆ ನೀರು ಸೋಕಿಸಬಾರದು. ಅತ್ತೆಗೆ ಗೊತ್ತಿಲ್ಲವೇ? ಅವರೂ ಕುರಿಹಟ್ಟಿಯಲ್ಲೇ ಹುಟ್ಟಿದವರು. ಅಪ್ಪ ಊಟಕ್ಕೆ ಕೂತಾಗ ಅದನ್ನೊಯ್ದು ಸೋಡಾ ಹಾಕಿದ ಕುದಿನೀರಿಗೆ ಅದ್ದಿದರು. ಉಣ್ಣೆ ಗಂಟುಕಟ್ಟಿ ಕಂಬಳಿ ಕುಗ್ಗಿ ಗೋಣಿತಾಟಿನಷ್ಟಾಯಿತು. ಕೈ ತೊಳೆಯಲು ಹಿತ್ತಿಲಿಗೆ ಬಂದ ಅಪ್ಪ ನಿಂತು ನೋಡಿದ.

ನೀವೂ ನೋಡಿದಿರಿ. ಒಳಗೆ ಹೋಗಿ ಪೆನ್ನಿಗೆ ಇಂಕು ತುಂಬಿದಿರಿ.

ಸಮುದ್ರದಾಚೆ ಎಂದೋ ಸತ್ತ ಗುಲಾಮರಿಗೆ ಕಣ್ಣೀರು ಹಾಕುವವರಿಗೆ ಹಿತ್ತಿಲಲ್ಲಿ ನಿಂತ ಮಾವನ ಪರ ಒಂದು ಮಾತಿಲ್ಲವೇ? ಅತ್ತೆಯ ಮೇಲೆ ಇಷ್ಟು ಸಿಟ್ಟಿಲ್ಲ. ಹೊನ್ನಾಳಿಗೆ ಸೊಸೆಯಾಗಿ ಬಂದಾಗ ಅವರೆದುರೂ ಯಾರೋ ಮೂಗು ಮುಚ್ಚಿರಬೇಕು. ಆದರೆ ನೀವು? ಹುಡುಗರಿಗೆ ಪಾಠ ಹೇಳುವವರು!

ನಾನು ಅಪ್ಪನ ಜೊತೆ ಬಸ್ಸು ಹತ್ತಿದ್ದು ತವರಿನ ಆಸೆಗಲ್ಲ. ನೀವು ಇಲ್ಲಿಗೆ ಬಂದು ಅಪ್ಪನೆದುರು ಬಾಯಿಬಿಟ್ಟು ತಪ್ಪಾಯಿತು ಎನ್ನುವ ತನಕ ಹೊನ್ನಾಳಿಗೆ ಬರುವುದಿಲ್ಲ. ಲೇಖನ ಅಚ್ಚಾದರೆ ನನಗೆ ಕಳಿಸಬೇಡಿ.

ಶಂಕರಮ್ಮ

ಮತ್ತೊಂದು ಮಾತು: ಅಳಿಯ ಯಾಕೆ ಬರಲಿಲ್ಲ ಎಂದು ಹಟ್ಟಿಯವರು ಕೇಳಿದರೆ, ಕಾಲೇಜಿಗೆ ರಜ ಇಲ್ವಂತೆ ಎನ್ನುತ್ತಿದ್ದಾನೆ ಅಪ್ಪ. ಅವನು ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಇದೇ ಮೊದಲು.